ಗಂಟೆಯಿಲ್ಲದ ಕೋಶಗಳು

ಕೊರೊನಾ ವೈರಸ್ಸು ಅಣ್ಣನ ಮೈ ಹೊಕ್ಕು ತಿಂಗಳುಗಳೇ ಆದರೂ ಬಿಟ್ಟು ಹೋಗಿರಲಿಲ್ಲ. ಅಮ್ಮ ಕೊಟ್ಟ ಕಿಡ್ನಿಯನ್ನು ಹೊರಗಿನದೆಂದು ಮೈ ತಳ್ಳಿಬಿಡದಿರಲಿ ಎಂದು ಅವನು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಾನೆ. ಕಾವಲುಗಾರ ತೂಕಡಿಸುವ ಮನೆಯಲ್ಲಿ ಕಳ್ಳ ಸಂಸಾರವನ್ನೇ ಹೂಡಿದ್ದ.

ಆ ಕಳ್ಳನ ಬೆನ್ನು ಹತ್ತುವುದೇ ನನ್ನ ಕೆಲಸ. ವೈರಸ್ಸು ನುಗ್ಗಿದರೆ ಜೀವಕೋಶ ಅಪಾಯದ ಗಂಟೆ ಬಾರಿಸುತ್ತದೆ. ಈ ವೈರಸ್ಸಿನ ಒಂದು ಪ್ರೋಟೀನು ಗಂಟೆಯ ನಾಲಗೆಯನ್ನೇ ಹಿಡಿದುಕೊಳ್ಳುತ್ತದೆ. ಆ ಹಿಡಿತ ಬಿಡಿಸುವ ಔಷಧಿಯೊಂದನ್ನು ನಮ್ಮ ಪ್ರಯೋಗಾಲಯದಲ್ಲಿ ತಯಾರಿಸಿದ್ದೆವು. ಪರೀಕ್ಷಿಸಿದಾಗಲೆಲ್ಲ ಸೋಲು. "ಇದನ್ನ ಬಿಟ್ಬಿಡೋಣ," ಅಂದರು ಮೇಲಧಿಕಾರಿ. ಅವರಿಗೆ ನಾವಿಟ್ಟ ಹೆಸರೂ ಅದೇ, ಬಿಟ್ಬಿಡೋಣ ಸಾಹೇಬರು.

ಕೋಶ ಬೆಳೆಸಿದ್ದ ಸೋತ ತಟ್ಟೆಗಳನ್ನು ಕಸಕ್ಕೆ ಹಾಕುವಾಗ ಹೊಳೆಯಿತು. ಎಲ್ಲರಂತೆ ನಾವೂ ವೈರಸ್ಸನ್ನು ಕೋತಿಯ ಕಿಡ್ನಿ ಕೋಶಗಳಲ್ಲಿ ಬೆಳೆಸುತ್ತೇವೆ, ಅಲ್ಲಿ ಅದು ಹುಲುಸಾಗಿ ಬೆಳೆಯುತ್ತದೆ. ಯಾಕೆ? ಬಾರಿಸಲು ಆ ಕೋಶಗಳಿಗೆ ಗಂಟೆಯೇ ಇಲ್ಲ! ಇದನ್ನೆಲ್ಲ ಓದಿ, ಬರೆದು, ಪಾಸಾದವರು ನಾವು. ಕೋಣನ ಮುಂದೆ ಕಿನ್ನರಿ ಬಾರಿಸಿ, ಕಿನ್ನರಿಯೇ ಸರಿಯಿಲ್ಲವೆಂದು ಬೈದಿದ್ದೆವು. ನನಗೆ ಮೈಯೆಲ್ಲ ಉರಿದುಹೋಯಿತು.

ಮನುಷ್ಯರ ಶ್ವಾಸಕೋಶದ ಕೋಶಗಳ ಮೇಲೆ ಅದೇ ಔಷಧಿ ಹಾಕಿದೆವು. ವೈರಸ್ಸು ನೆಲಕಚ್ಚಿತು. ಸಾಹೇಬರು ಕನ್ನಡಕ ಒರೆಸಿ ಒರೆಸಿ ನೋಡಿದರು, ಪ್ರಯೋಗಾಲಯದ ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಯಾರಿಗೂ ಕೇಳದಿರಲೆಂದು ನಲ್ಲಿ ಬಿಟ್ಟುಕೊಂಡು ಅತ್ತೆ. ಅಣ್ಣನ ಮೈಯಲ್ಲಿ ಗಂಟೆ ಬಾರಿಸಿದರೆ ಕಾವಲುಗಾರ ಏಳುತ್ತಾನೆ. ಎದ್ದವನಿಗೆ ವೈರಸ್ಸೂ ಹೊರಗಿನದೇ, ಅಮ್ಮನ ಕಿಡ್ನಿಯೂ ಹೊರಗಿನದೇ. ಇಷ್ಟು ದಿನ ಆ ಕಡೆ ಯೋಚನೆ ಹೋಗದಂತೆ ಮನಸ್ಸನ್ನು ಕಟ್ಟಿಹಾಕಿದ್ದೆ.

ಸಂಜೆ ಮಾಸ್ಕು ಬಿಗಿದು ಆಸ್ಪತ್ರೆಗೆ ಹೋದೆ. ಅಣ್ಣ ದಿಂಬಿಗೆ ಒರಗಿ ಏದುಸಿರು ಬಿಡುತ್ತಿದ್ದ, ಕಣ್ಣಲ್ಲಿ ಮಾತ್ರ ಹಳೆಯ ತುಂಟತನ.

"ಏನೇ ವಿಜ್ಞಾನಿ, ಔಷಧಿ ಗೆದ್ದಿತಂತೆ! ನಂಗೆ ಯಾವಾಗ ಕೊಡ್ತೀಯ?"

ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ. "ಅದು ಬರೋಕೆ ಇನ್ನೂ ಕಾಲ ಬೇಕಣ್ಣ. ಬಂದ್ರೂ ಬೇರೆಯವರಿಗೆ. ನೀನು ತಗೊಂಡ್ರೆ ವೈರಸ್ ಜೊತೆ ಕಿಡ್ನಿನೂ ಹೋಗ್ಬಿಡುತ್ತೆ."

ಅವನು ಗೋಡೆಯ ಕಡೆ ಹೊರಳಿದ. ಹೊದಿಕೆ ಮಡಿಸುತ್ತಿದ್ದ ಅಮ್ಮ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು.

"ಅದಕ್ಯಾಕೆ ಇಬ್ಬರೂ ಮುಖ ಸಪ್ಪಗೆ ಮಾಡ್ಕೊಂಡಿದ್ದೀರಿ?" ಎಂದಳು. "ಹೋದ್ರೆ ಹೋಗ್ಲಿ, ಕೊಡೇ ಅವನಿಗೆ. ನನ್ಹತ್ರ ಇನ್ನೊಂದಿದೆಯಲ್ಲ."