ಅದು ಮೆಂತ್ಯದ ವಾಸನೆಯಲ್ಲ

ಎಂಬತ್ತಾರನೆಯ ಇಸವಿ, ಕಾಫಿ ಹಣ್ಣು ಕೊಯ್ಯುವ ಕಾಲ. ಬಾಳೂರಿನ ಜೀಪ್ ಮೆಕ್ಯಾನಿಕ್ ಜಿಯಾಉದ್ದೀನನ ಐದು ದಿನದ ಕೂಸು ಮೊಲೆಗೆ ಬಾಯಿ ಹಾಕುವುದನ್ನೇ ಬಿಟ್ಟಿತು. ಕತ್ತು ಬಾಡಿದ ಸೊಪ್ಪಿನ ಹಾಗೆ ಜೋತುಬಿದ್ದಿತ್ತು. ಇದಕ್ಕೂ ಮುಂಚೆ ಎರಡು ಕೂಸುಗಳು ಹೀಗೇ ಹತ್ತು ದಿನದೊಳಗೆ ಮಣ್ಣು ಸೇರಿದ್ದವು. ಅವನ ಹೆಂಡತಿ ಜೊಹರಾಳ ಹಾಲೇ ವಿಷ ಎಂದು ಜನ ಆಡಿಕೊಂಡಾಗ ಅತ್ತೆ ಸುಗ್ರಾ ಬೀ ಅಲ್ಲವೆಂದಿರಲಿಲ್ಲ.

ನರ್ಸ್ ವಸಂತಮ್ಮ ಬಂದವರೇ ಕೂಸಿನ ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದರು.

"ಥೂ, ಎಂಥ ಸಿಸ್ಟರೇ ಅದು! ಮೂಸಿ ನೋಡೋಕೆ ಬಿರಿಯಾನಿಯಾ?" ಎಂದಳು ಸುಗ್ರಾ ಬೀ.

"ಸುಟ್ಟ ಸಕ್ಕರೆ ವಾಸನೆ ಬರ್ತಿದೆ, ಸುಗ್ರಾ ಬೀಯವ್ರೇ."

"ಬರದೇ ಮತ್ತೆ? ಬಾಣಂತಿಗೆ ದಿನಾ ಮೆಂತ್ಯದ ಉಂಡೆ ಕಟ್ಟಿ ಕೊಡ್ತೀನಿ. ತಾಯಿ ತಿಂದಿದ್ದು ಕೂಸಿನ ಉಚ್ಚೇಲಿ ಬರ್ತದೆ. ಮೊದಲಿನ ಎರಡಕ್ಕೂ ಹೀಗೇ ಇತ್ತು."

ಮೂಲೆಯಿಂದ ಜೊಹರಾ ಹೇಳಿದಳು. "ಈ ಸಲ ನಾನು ಒಂದು ಉಂಡೆಯನ್ನೂ ತಿಂದಿಲ್ಲ, ಅತ್ತೆ."

"ತಟ್ಟೆ ಖಾಲಿ ಆಗ್ತಿತ್ತಲ್ಲ?"

"ಮೇಕೆಗೆ ಹಾಕ್ದೆ."

"ತುಪ್ಪದ ಉಂಡೆ! ಮೇಕೆಗೆ! ಯಾರೇ ಕಲಿಸಿದ್ದು ನಿಂಗೆ?"

"ಪ್ರೇಮಕುಮಾರಿ ಮೇಡಂ."

ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷಿಸುತ್ತಿದ್ದ ವಿಜ್ಞಾನಿ ಆಕೆ. ಹುಟ್ಟಿನಿಂದಲೇ ಬರುವ ಅಪರೂಪದ ರೋಗಗಳ ಬೆನ್ನು ಹತ್ತಿ ಎಸ್ಟೇಟಿನ ಕೂಲಿ ಲೈನುಗಳನ್ನೆಲ್ಲ ಸುತ್ತಿದವರು. 'ಉಚ್ಚೆ ಡಾಕ್ಟರಮ್ಮ' ಎಂದು ಜನ ನಕ್ಕರೂ ಅವರು ಮೂತ್ರದ ಬಾಟಲಿ ಕೆಳಗಿಡಲಿಲ್ಲ. ಲಕ್ಷಕ್ಕೊಂದು ಮಗುವಿಗೆ ಬರುವ ಕಾಯಿಲೆಗೆ ಇಷ್ಟು ಒದ್ದಾಟ ಯಾಕೆಂದು ಆಸ್ಪತ್ರೆಯ ದೊಡ್ಡವರು ಕೇಳಿದಾಗ, "ಆ ಮಗುವಿನ ತಾಯಿ ಎದುರು ನಿಂತು ಇದೇ ಮಾತು ಹೇಳಿ" ಎಂದಿದ್ದರಂತೆ. ಎರಡನೆಯ ಕೂಸು ಹೋದಾಗ ಈ ಮನೆಗೂ ಬಂದಿದ್ದರು. ಸುಗ್ರಾ ಬೀ ಬಾಗಿಲಿಂದಲೇ ಅಟ್ಟಿದ್ದಳು. ಆ ವರ್ಷದ ಆಷಾಢದಲ್ಲಿ ಅವರು ತೀರಿಕೊಂಡಿದ್ದರು.

"ಅವತ್ತೇ ಹಿತ್ತಲಲ್ಲಿ ನನ್ನ ಹತ್ರ ಮಾತಾಡಿದ್ರು," ಎಂದಳು ಜೊಹರಾ. "ಮೆಂತ್ಯ ತಿಂದ್ರೂ ಇದೇ ವಾಸನೆ, ರೋಗ ಇದ್ರೂ ಇದೇ ವಾಸನೆ. ಮುಂದಿನ ಬಾಣಂತನದಲ್ಲಿ ಮೆಂತ್ಯ ಬಿಡು, ಆಗ್ಲೂ ವಾಸನೆ ಬಂದ್ರೆ ರೋಗವೇ ಅಂದ್ರು."

ವಸಂತಮ್ಮ ಕೂಸಿನ ಮೂತ್ರಕ್ಕೆ ಮದ್ದಿನ ಹನಿ ಬಿಟ್ಟರು. ತಿಳಿಯಾಗಿದ್ದದ್ದು ಹಳದಿಯಾಗಿ ಕದಡಿತು.

"ಇದೂ ಮೇಡಂ ಕಲಿಸಿದ ಪರೀಕ್ಷೆಯೇ. ಹಾಲು ವಿಷ ಅಲ್ಲ. ಅದರ ಸತ್ವದ ಒಂದು ಭಾಗ ಕೂಸಿನ ಮೈಗೆ ಅರಗ್ತಿಲ್ಲ, ಅದು ಮಿದುಳಿಗೆ ಏರ್ತಿದೆ. ಈ ದೋಷ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ."

"ನನ್ನ ಮಗನಿಂದ್ಲಾ?"

"ಹೂಂ, ಅವನಿಂದ್ಲೂ. ಯಾರ ತಪ್ಪೂ ಅಲ್ಲ. ಈಗ ದೊಡ್ಡಾಸ್ಪತ್ರೆಗೆ ಒಯ್ಯೋಕೆ ತಡ ಮಾಡಿದ್ರೆ ಮಾತ್ರ ತಪ್ಪು."

ಜೊಹರಾ ಕೂಸನ್ನೆತ್ತಿಕೊಂಡು ಎದ್ದಳು. "ಹಸಿ ಬಾಣಂತಿ ಹೊಸಿಲು ದಾಟಬಾರದು ಅಂತ ತಡೀಬೇಡಿ ಅತ್ತೆ. ನಾನು ಹೊರಟೆ."

ನಾಲ್ಕು ವರ್ಷ ನೆಲ ನೋಡುತ್ತಲೇ ಮಾತಾಡಿದ್ದ ಸೊಸೆ ಇವತ್ತು ನೇರ ಮುಖ ನೋಡುತ್ತಿದ್ದಳು. ಸುಗ್ರಾ ಬೀ ತನ್ನ ಶಾಲು ತೆಗೆದು ಸೊಸೆಯ ಕಿವಿ ಮುಚ್ಚುವಂತೆ ಸುತ್ತಿದಳು. ಆಮೇಲೆ ರಸ್ತೆಗೆಲ್ಲ ಕೇಳುವಂತೆ ಕೂಗಿದಳು:

"ಜಿಯಾ! ಸ್ಪ್ಯಾನರ್ ಬಿಸಾಕಿ ಜೀಪ್ ಸ್ಟಾರ್ಟ್ ಮಾಡು ಮಾರಾಯ! ನನ್ನ ಸೊಸೆ ಹಾಲಿನ ಮೇಲೆ ಇನ್ನು ಯಾರಾದ್ರೂ ಮಾತಾಡ್ಲಿ. ಇದ್ರಲ್ಲಿ ನನ್ನ ಮಗಂದೂ ಅರ್ಧ ಪಾಲು ಅಂತ ನಾನೇ ಹೇಳ್ತೀನಿ!"

ಕೂಸು ಎರಡು ತಿಂಗಳು ಆಸ್ಪತ್ರೆಯಲ್ಲಿತ್ತು. ಅದಕ್ಕೆ ಜನ್ಮವಿಡೀ ಪಥ್ಯ ತಪ್ಪದು. ಆದರೆ ಬದುಕಿದೆ.

ಅಕ್ಕತಂಗಿಯರೇ, ಎಳೆಗೂಸು ಹಾಲು ಬಿಟ್ಟರೆ, ಮೈ ಸೋತು ಮಲಗಿದರೆ, ಬಟ್ಟೆಯಲ್ಲಿ ಬೇರೆ ವಾಸನೆ ಬಂದರೆ ಒಂದು ದಿನವೂ ಕಾಯಬೇಡಿ. ನೀವಾಗಿಯೇ ಹಾಲು ನಿಲ್ಲಿಸಬೇಡಿ. ಅದನ್ನು ಡಾಕ್ಟರು ಹೇಳಲಿ. ಮೊದಲು ಹೋದ ಮಕ್ಕಳಿದ್ದರೆ ಮುಚ್ಚಿಡದೆ ಹೇಳಿ. ಪರೀಕ್ಷೆ ಮಾಡಿ ಎಂದು ಕೇಳಿ. ಆಗಲ್ಲ ಎಂದರೆ ಅಲ್ಲೇ ಕುಳಿತು ಮತ್ತೆ ಕೇಳಿ. ಪ್ರೇಮಕುಮಾರಿಯವರು ಈಗಿಲ್ಲ, ಪಟ್ಟು ಹಿಡಿಯುವ ಕೆಲಸ ಇನ್ನು ನಮ್ಮದು.