ಕಾಣದ ಬೆಸುಗೆ

ಟಪ್ — ಟಿಣ್ ಅನ್ನಬೇಕಿತ್ತು, ಒಡೆದು ಕೂಡಿದ ಪಿಂಗಾಣಿ ಟಪ್ ಎನ್ನುತ್ತದೆ, ಉಗುರಿನಿಂದ ಬಡಿದು ತೋರಿಸುತ್ತಿರುವ ಮಡಿವಾಳಪ್ಪ ವಕೀಲರಿಗೇ ಅದು ಕೇಳುವುದಿಲ್ಲ, ನೋಡ್ರಿ ಜಡ್ಜ್ ಸಾಹೇಬ್ರ, ಚೀನಾದ ಹೂದಾನಿ, ಕೈಲೇ ಬರದ ಹೂವು, ಕೂದಲೆಳಿಯಷ್ಟೂ ಬಿರುಕಿಲ್ಲ — ಇದೇ ಮೂಗುದನಿಯನ್ನು, ಅತಿಥಿಗಳ ಮನರಂಜನೆಗೆ ಬಂದ ನಾನು, ಈಗಷ್ಟೇ ಅಣಕಿಸಿ ಈ ದಿವಾನಖಾನೆಯನ್ನೆಲ್ಲ ನಗಿಸಿದ್ದೇನೆ, ಭಲೇ ಕಮರುದ್ದೀನ, ಕಾಲೇಜಿನ್ಯಾಗ ಇದನ್ನ ಕಲಿಸ್ತಾರೇನೋ ಎಂದು ವಕೀಲರೂ ನಕ್ಕರು, ಪಿಂಗಾಣಿ ಬೆಸೆಯುತ್ತಿದ್ದ ಶಾಬುದ್ದೀನನ ಮಗ ನಾನೆಂದು ಅವರಿಗೆ ಗೊತ್ತಿಲ್ಲ, ಅಬ್ಬಾನ ಕೆಲಸವನ್ನು ನಕಲಿ ಎಂದವರಿಗೆ ಮಗನ ನಕಲಿ ರುಚಿಸುತ್ತದೆ, ರುಚಿಸಲಿ, ಪಕ್ಕದಲ್ಲಿ ಚಹಾಕ್ಕಿಟ್ಟ ಕೆಟಲಿಯಲ್ಲಿ ನೀರಿನ್ನೂ ಕುದಿಯುತ್ತಿದೆ — ಎಂಟು ವರ್ಷದ ಹಿಂದೆ ಇದೇ ಹೂದಾನಿ ಮೂರು ಚೂರಾಗಿ ವಕೀಲರಿಂದ ನಮ್ಮ ಮನೆಗೆ ಬಂದಿತ್ತು, ಅಬ್ಬಾ ಅರಗು ಕಾಯಿಸಿ ಕೂಡಿಸಿದ, ಹಾರಿಹೋದ ಕೆಂಪು ಎಸಳನ್ನು ಅಳಿಲಿನ ಕೂದಲಿನ ಕುಂಚದಿಂದ ಮತ್ತೆ ಬರೆದ, ಇಪ್ಪತ್ತು ದಿನ, ಉಸಿರು ಬಿಗಿಹಿಡಿದು, ಬಿಸಿನೀರ ಮಾತ್ರ ಹಾಕಬ್ಯಾಡ್ರಿ ಸಾಹೇಬ್ರ ಎಂದು ಒಪ್ಪಿಸಿದ — ಬೆಸುಗೆ ಕಾಣಲೇ ಇಲ್ಲ, ಅದೇ ತಪ್ಪಾಯಿತು, ಒಂದು ಗೆರೆಯನ್ನಾದರೂ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದ, ನಾ ಕೊಟ್ಟಿದ್ದು ಒಡದದ್ದು, ಇದರಾಗ ಬಿರುಕೆಲ್ಲೈತೋ, ನಂದು ನುಂಗಿ ಈ ನಕಲಿ ಎಲ್ಲಿಂದ ತಂದಿ, ಹೊರಗ ನಡಿ, ಎಂದರು ವಕೀಲರು — ಧಾರವಾಡವೆಲ್ಲ ಅದೇ ಮಾತು, ಆಮೇಲೆ ಯಾರೂ ಚಹಾ ಕಪ್ಪಿನ ಒಂದು ಬಸಿಯನ್ನೂ ಬೆಸೆಯಲು ಕೊಡಲಿಲ್ಲ, ಅಬ್ಬಾ ಕುಂಚ ತೊಳೆದಿಟ್ಟ, ಮುಂದಿನ ರಮಜಾನ ಕಾಣಲಿಲ್ಲ, ಮುಂಬಯಿಯ ವ್ಯಾಪಾರಿಯೊಬ್ಬ ಬಂದು ಇದು ಅಸಲಿಯೇ ಎಂದದ್ದೇ ತಡ ವಕೀಲರು ಕಪಾಟಿನ ಮೇಲಿನ ಸಾಲಿಗೆ ಏರಿಸಿದರು, ಒಡೆದದ್ದನ್ನೇ ಮರೆತರು, ನಮ್ಮ ಮನೆಯ ಕಡೆಗೆ ಒಂದು ಮಾತೂ ಬರಲಿಲ್ಲ.

ಈಗ ಬರುತ್ತದೆ — ಧೂಳ ಕುಂತೈತ್ರಿ ಸಾಹೇಬ್ರ, ತೊಳದು ಕೊಡ್ಲೇನ್ರಿ, ಇದು ನನ್ನ ದನಿಯಲ್ಲ, ಅಬ್ಬಾನದು, ಆ ಕೆಮ್ಮು, ಆ ತಗ್ಗಿದ ಕೊನೆ, ವಕೀಲರ ಕಣ್ಣು ಥಟ್ಟನೆ ನನ್ನ ಕಡೆ ತಿರುಗುವಷ್ಟರಲ್ಲಿ ಮೇಜಿನ ಮೇಲಿನ ಹೂದಾನಿಗೆ ಕೆಟಲಿ ಬಗ್ಗಿಸಿದ್ದೇನೆ, ಹಬೆ, ಎಸಳು ಕೆಂಪಗೆ ಇಳಿಯುತ್ತಿದೆ, ಅದರಡಿ ಗೆರೆ ಬಾಯಿಬಿಡುತ್ತಿದೆ, ಏ ಏನ್ ಮಾಡಿದ್ಯೋ, ಒಡದಿತ್ತೇನ್ರಿ ಇದು ವಕೀಲರ ಎಂದು ಜಡ್ಜರು ಕೇಳುತ್ತಿದ್ದಾರೆ, ಇನ್ನು ಹೆಸರು ಹೇಳಬೇಕು, ಬೆಸೆದವನು ಶಾಬುದ್ದೀನ ಎನ್ನಬೇಕು — ಚೂರು ನನ್ನ ಕೈಗೆ ಬಂದಿದೆ, ಒಳಮಗ್ಗುಲಲ್ಲಿ, ಅರಗಿನ ಮೇಲೆ, ಅಬ್ಬಾನ ಹೆಬ್ಬೆರಳಿನ ಗುರುತು, ಒತ್ತಿ ಕೂಡಿಸಿದಾಗ ಮೂಡಿದ್ದು, ಅರಗು ಕಾಯಿಸುವಾಗ ಅವನ ಬೆರಳಿಗಾಗಿದ್ದ ಸುಟ್ಟ ಕಲೆಯೂ ಹಾಗೇ ಇದೆ, ಮನೆಯಲ್ಲಿ ಅವನದೊಂದು ಫೋಟೋ ಇಲ್ಲ, ಇದೊಂದೇ, ಅರಗು ಇನ್ನೂ ಬಿಸಿ, ಬೀಳದಿರಲೆಂದು ಆ ಗುರುತಿನ ಮೇಲೇ ಹೆಬ್ಬೆರಳು ಒತ್ತಿ ಹಿಡಿದಿದ್ದೇನೆ, ಬೆರಳೆತ್ತಿದರೆ ಸುಟ್ಟ ಕಲೆ ಇಲ್ಲ, ಗೆರೆಗಳು, ಗೆರೆಗಳು — ಎಲ್ಲ ನನ್ನವು