ಆನೆಯ ಹಿಂಬದಿ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಬರೀ ಚೌಡಯ್ಯ ಎಂದು ಕೇಳಿದರೆ ನಾಲ್ಕು ಮನೆ ತೋರಿಸುತ್ತಾರೆ. ನಕ್ಷೆ ಚೌಡಯ್ಯ ಎಂದರೆ ಒಂದೇ ಮನೆ. ರೇಷ್ಮೆ ಸೀರೆಯ ಸೆರಗಿಗೂ ಅಂಚಿಗೂ ಬೇಕಾದ ಹಂಸ, ನವಿಲು, ಆನೆ, ಮಾವಿನಕಾಯಿಗಳನ್ನು ಚೌಕುಳಿ ಕಾಗದದ ಮೇಲೆ ಬರೆದು ಮಗ್ಗದವರಿಗೆ ಕೊಡುವುದು ಅವನ ಕಸುಬು. ಅರವತ್ತಾರು ದಾಟಿದ್ದರೂ ಕೈ ನಡುಗುತ್ತಿರಲಿಲ್ಲ. ಮದುವೆ ಹೆಣ್ಣು ಉಡುವ ಬಟ್ಟೆ ಎಂದು ಸ್ನಾನ ಮಾಡದೆ ಪೆನ್ಸಿಲು ಮುಟ್ಟುತ್ತಿರಲಿಲ್ಲ. ಬರೆಯುವಾಗ ಯಾರಾದರೂ ಪಕ್ಕದಲ್ಲಿ ಕೆಟ್ಟ ಮಾತಾಡಿದರೆ ಪೆನ್ಸಿಲು ಕೆಳಗಿಟ್ಟು, ಅವರು ಎದ್ದುಹೋಗುವ ತನಕ ಗೋಡೆ ನೋಡುತ್ತ ಕೂತುಬಿಡುತ್ತಿದ್ದ.

ಅಂಥ ಮನುಷ್ಯನ ಎದುರಿಗೆ ಒಂದು ಭಾನುವಾರ ಬೆಳಿಗ್ಗೆ ಮಗಳು ಇಂಚರ ಬಂದು ಕೂತಳು.

"ಅಪ್ಪ, ನಂಗೊಂದು ಆನೆ ಬರ್ಕೊಡು."

"ಎಂಥ ಆನ? ಅಂಬಾರಿ ಹೊತ್ತಿರೋದಾ, ಸೊಂಡ್ಲು ಎತ್ತಿರೋದಾ?"

"ಹೂಸು ಬಿಡೋದು."

ಚೌಡಯ್ಯ ಪೆನ್ಸಿಲು ಕೆಳಗಿಟ್ಟ. ಒಳಗೆ ಅಡುಗೆಮನೆಯಲ್ಲಿ ಹೆಂಡತಿ ವಸಂತಮ್ಮನ ಕೈಯಿಂದ ಏನೋ ಜಾರಿ ಬಿದ್ದ ಸದ್ದಾಯಿತು.

ಇಂಚರ ತಮಾಷೆ ಮಾಡುತ್ತಿರಲಿಲ್ಲ. ಹನೂರು ದಾಟಿ, ತಮಿಳುನಾಡಿನ ಗಡಿಯ ಕಡೆಗಿರುವ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅವಳು ಎರಡು ವರ್ಷದಿಂದ ಮೇಡಮ್ಮು. ಒಂದರಿಂದ ಮೂರನೆಯ ತರಗತಿಯವರೆಗಿನ ಇಪ್ಪತ್ತಮೂರು ಮಕ್ಕಳು ಅವಳ ಪಾಲಿಗೆ. ಶಾಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಕಥೆ ಪುಸ್ತಕಗಳಿದ್ದವು. ಅವುಗಳಲ್ಲಿ ಒಳ್ಳೆಯ ಹುಡುಗ ಬೇಗ ಏಳುತ್ತಿದ್ದ, ಸುಳ್ಳು ಹೇಳಿದ ಹುಡುಗಿ ಬಾವಿಗೆ ಬೀಳುತ್ತಿದ್ದಳು. ಮಕ್ಕಳು ಆ ಪುಸ್ತಕಗಳನ್ನು ಹಿಡಿದುಕೊಂಡು, ಸೂಜಿ ಚುಚ್ಚಿಸಿಕೊಳ್ಳಲು ಸಾಲಿನಲ್ಲಿ ನಿಂತವರ ಹಾಗೆ ಕೂತಿರುತ್ತಿದ್ದವು. ಹತ್ತು ಮಕ್ಕಳ ಮನೆಮಾತು ತಮಿಳು. ಅವರಲ್ಲಿ ಧನುಶ್ರೀ ಎನ್ನುವ ಏಳು ವರ್ಷದ ಹುಡುಗಿ ಜೂನ್ ತಿಂಗಳಲ್ಲಿ ಸೇರಿದವಳು ದೀಪಾವಳಿ ಕಳೆದರೂ ಶಾಲೆಯಲ್ಲಿ ಒಂದು ಮಾತು ಆಡಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ಅಷ್ಟೇ.

ಹೋದ ವಾರ ಪ್ರಾರ್ಥನೆಯ ನಡುವೆ ಯಾರೋ ಹೂಸು ಬಿಟ್ಟರು. ಅದಾದ ಮೇಲೆ ಕಾಲು ಗಂಟೆ ಇಂಚರ ತನ್ನ ತರಗತಿಯನ್ನು ಬೆರಗಾಗಿ ನೋಡಿದಳು. ಬಾಯಿ ಬಿಡದ ಮಕ್ಕಳೆಲ್ಲ ಎದ್ದು ನಿಂತು ಸಾಕ್ಷಿ ಹೇಳುತ್ತಿದ್ದವು, ವಾದ ಮಾಡುತ್ತಿದ್ದವು. ಧನುಶ್ರೀ ಕೂಡ ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಅಂದೇ ರಾತ್ರಿ ಇಂಚರ ಒಂದು ಕಥೆ ಬರೆದಳು. ಕಾಡಿನ ಆನೆಯೊಂದು ಹಳ್ಳಿಗೆ ಬಂದು ಒಂಬತ್ತು ಹಲಸಿನ ಹಣ್ಣು ತಿನ್ನುತ್ತದೆ. ಹೊಟ್ಟೆ ಉಬ್ಬುತ್ತದೆ. ಕೋತಿ ಓಂಕಾಳು ತಿನ್ನು ಅನ್ನುತ್ತದೆ, ಎಮ್ಮೆ ಮಜ್ಜಿಗೆ ಕುಡಿ ಅನ್ನುತ್ತದೆ, ಯಾವುದರಿಂದಲೂ ಗುಣವಿಲ್ಲ. ಕೊನೆಗೆ ಶಾಲೆಯ ಹೆಡ್ ಮಾಸ್ಟರು ಕೊಡೆ ಹಿಡಿದು ಗದರಿಸಲು ಬರುವ ಹೊತ್ತಿಗೆ ಸರಿಯಾಗಿ ಆನೆ ಹೂಸು ಬಿಡುತ್ತದೆ. ಹೆಂಚು ಹಾರುತ್ತವೆ, ತೆಂಗಿನಕಾಯಿ ಉದುರುತ್ತವೆ, ಹೆಡ್ ಮಾಸ್ಟರ ಪಂಚೆ ಹುಣಸೆ ಮರದ ತುದಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಚೌಡಯ್ಯ ಪೂರ್ತಿ ಕೇಳಿಸಿಕೊಂಡ.

"ನಲ್ವತ್ತು ವರ್ಸದಿಂದ ಆನ ಬರ್ದಿವ್ನಿ ಕಣವ್ವ. ಒಂದಾನೂ ಊಸು ಬಿಟ್ಟಿಲ್ಲ."

"ಬಿಟ್ಟಿರ್ತವೆ. ನೀವು ಬರ್ದಿಲ್ಲ ಅಷ್ಟೇಯ," ಎಂದಳು ವಸಂತಮ್ಮ ಒಳಗಿಂದ.

"ನೀ ಸುಮ್ಕಿರು. ಮಕ್ಕಳ ಪುಸ್ತಕ ಅಂದ್ರ ನಾಕು ಒಳ್ಳೆ ಮಾತಿರ್ಬೇಕು. ಇದ ಕಲಿಯಕ್ಕ ಇಸ್ಕೂಲು ಬೇಕಾ? ಮನೇಲೇ ಬತ್ತದೆ."

"ಅದೇ ಅಪ್ಪ. ಮನೇಲಿ ಬರೋದೇ ಪುಸ್ತಕದಲ್ಲೂ ಇದ್ರೆ ಅವು ಪುಸ್ತಕ ಮುಟ್ತವೆ."

ಚೌಡಯ್ಯ ಗೋಡೆ ನೋಡಲು ಶುರುಮಾಡಿದ. ಇಂಚರ ಎದ್ದುಹೋದಳು. ಅಪ್ಪ ಗೋಡೆ ನೋಡಿದರೆ ಮಾತು ಮುಗಿಯಿತೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ವಾರವೆಲ್ಲ ಅವಳೇ ಡ್ರಾಯಿಂಗ್ ಹಾಳೆ ಹರಡಿಕೊಂಡು ಬರೆದಳು. ಚೌಡಯ್ಯ ಆ ಕಡೆ ತಲೆ ಹಾಕಲಿಲ್ಲ. ಮರುಸೋಮವಾರ ಅವಳು ಏಳೂಕಾಲರ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಹಾಳೆಗಳ ಸುರುಳಿಯನ್ನು ಮಂಚದ ಮೇಲೆಯೇ ಬಿಟ್ಟು ಓಡಿದಳು. ವಸಂತಮ್ಮ ಬಿಚ್ಚಿ ನೋಡಿ, ಗಂಡನ ಮುಂದೆ ಇಟ್ಟಳು.

ಚೌಡಯ್ಯ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ನಾಲ್ಕು ಕಾಲಿನ ಮಂಚಕ್ಕೆ ಒಂದು ಕಡೆ ನೀರಿನ ಪೈಪು ಕಟ್ಟಿದ ಹಾಗಿತ್ತು ಮಗಳ ಆನೆ. ನಕ್ಷೆ ಚೌಡಯ್ಯನ ಮಗಳ ಕೈಯಲ್ಲಿ ಇಂಥ ಆನೆ.

"ಇವತ್ತು ಮಕ್ಳಿಗೆ ತೋರುಸ್ತೀನಿ ಅಂತಿದ್ಲು. ತಕಂಡು ಓಗಿ ಕೊಟ್ಬುಟ್ಟು ಬನ್ನಿ," ಎಂದಳು ವಸಂತಮ್ಮ.

ಅವನು ಹನೂರಿನ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಶಾಲೆ ತಲುಪಿದಾಗ ಹನ್ನೊಂದು ಗಂಟೆ. ಸುರುಳಿ ಕೊಟ್ಟು ಹಿಂದಿರುಗುವುದೆಂದೇ ಅಂದುಕೊಂಡಿದ್ದ. ಮುಂದಿನ ಬಸ್ಸು ಮಧ್ಯಾಹ್ನಕ್ಕೆ ಎಂದು ತಿಳಿದು, ತರಗತಿಯ ಹಿಂದಿನ ಸಾಲಿನಲ್ಲಿ ಮಕ್ಕಳ ಚಾಪೆಯ ಮೇಲೆ ಮಂಡಿ ಮಡಚಿ ಕೂತ.

ಇಂಚರ ಮೊದಲ ಹಾಳೆ ಎತ್ತಿ ಹಿಡಿದಳು.

"ಇದೇನು ಹೇಳಿ ನೋಡೋಣ?"

"ಹಂದಿ, ಮೇಡಮ್."

"ಹಂದಿ ಅಲ್ಲ, ಟ್ರ್ಯಾಕ್ಟ್ರು."

"ನೀರಿನ ಟ್ಯಾಂಕು."

ಇಂಚರ ನಕ್ಕುಬಿಟ್ಟು, ಇದು ಆನೆ, ಹಲಸಿನ ಹಣ್ಣು ತಿಂದು ಹೂಸು ಬಿಡುವ ಆನೆ ಎಂದಳು. ಚೌಡಯ್ಯನಿಗೆ ನಗು ಬರಲಿಲ್ಲ. ಅವನು ಎದ್ದ. ಮಗಳ ಮುಖವನ್ನೂ ನೋಡದೆ ಸೀದಾ ಹೋಗಿ ಸೀಮೆಸುಣ್ಣ ತೆಗೆದುಕೊಂಡು ಕರಿಹಲಗೆಯ ಮೇಲೆ ಎಳೆದ. ಒಂದು ಗೆರೆಯಲ್ಲಿ ಬೆನ್ನು, ಒಂದು ಗೆರೆಯಲ್ಲಿ ಸೊಂಡಿಲು, ಕಿವಿ, ದಂತ, ಕಾಲಿಗೆ ಗೆಜ್ಜೆ. ನೂರಾರು ಸೆರಗುಗಳ ಮೇಲೆ ನಡೆದುಹೋದ ಆನೆ ಬಂದು ನಿಂತಿತು. ಮಕ್ಕಳು ಉಸಿರು ಬಿಡದೆ ನೋಡಿದವು.

ಮುಂದಿನ ಸಾಲಿನಲ್ಲಿದ್ದ ಮಾದೇಶ ಎನ್ನುವ ಹುಡುಗ ಕೈ ಎತ್ತಿದ.

"ತಾತ, ಆನ ಚೆಂದಾಗದೆ. ಆದ್ರ ಇದು ಊಸು ಎಲ್ಲಿಂದ ಬಿಟ್ಟದು? ಹಿಂದಗಡೆ ಕಾಣ್ದಲ್ಲ."

ಚೌಡಯ್ಯ ತಿರುಗಿ ನೋಡಿದ. ಹುಡುಗ ಹೇಳಿದ್ದು ನಿಜ. ಸೀರೆಯ ಆನೆ ಯಾವಾಗಲೂ ಪಕ್ಕಕ್ಕೆ ತಿರುಗಿ ನಡೆಯುತ್ತದೆ. ಅವನು ಆನೆಯನ್ನು ಅಳಿಸಿ, ಹಿಂದಿನಿಂದ ಬರೆಯಲು ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಆನೆಗೆ ಹಿಂಬದಿ ಹೇಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಮಾದಪ್ಪನ ಬೆಟ್ಟಕ್ಕೆ ಹೋದಾಗಲೆಲ್ಲ ಆನೆ ನೋಡಿದ್ದ, ಮುಂದೆ ನಿಂತು ಕೈ ಮುಗಿದಿದ್ದ. ಹಿಂದೆ ಹೋಗಿ ನೋಡಿದವನಲ್ಲ.

"ನಂಗೊತ್ತಿಲ್ಲ ಕಣ್ಲಾ," ಎಂದ. ಹಾಗೆ ಯಾರ ಮುಂದೆಯೂ ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಅಷ್ಟು ಸಾಕಾಯಿತು. ಕಾಡಂಚಿನ ಊರಿನ ಮಕ್ಕಳು. ಹೊಲಕ್ಕೆ ಬಂದ ಆನೆ ಬೆನ್ನು ತಿರುಗಿಸಿ ಹೋಗುವುದನ್ನು ಮನೆ ಮಾಡಿನ ಮೇಲೆ ಕೂತು ನೋಡಿದ್ದವು. ಎಲ್ಲವೂ ಒಟ್ಟಿಗೇ ಹೇಳಲು ಶುರುಮಾಡಿದವು. "ಗುಂಡಗೆ ಇರದಿಲ್ಲ ತಾತ, ಮೇಲ್ಗಡೆ ಚೂಪು." "ಚರ್ಮ ಜೋತಾಡ್ತದೆ, ನಮ್ಮಪ್ಪನ ಚಡ್ಡಿ ಜಾರ್ದಂಗೆ." "ಕಾಲು ಕಂಬ ಇದ್ದಂಗೆ ಇರದಿಲ್ಲ, ಮಂಡಿ ಅದೆ." ಚೌಡಯ್ಯ ಹೇಳಿದಂತೆ ಬರೆಯುತ್ತ, ಅಳಿಸುತ್ತ, ಮತ್ತೆ ಬರೆಯುತ್ತ ಹೋದ. ಬಾಲಕ್ಕೆ ಬಂದಾಗ ಸೀರೆಯ ಅಭ್ಯಾಸದಲ್ಲಿ ತುದಿಗೊಂದು ಕುಚ್ಚು ಹಾಕಿದ.

ಆಗ ಗೋಡೆಯ ಪಕ್ಕದಿಂದ ಒಬ್ಬ ಹುಡುಗಿ ಎದ್ದು ಬಂದಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಬಣ್ಣ ಹೋದ ಸ್ವೆಟರು. ಅವಳು ಮಾತಾಡಲಿಲ್ಲ. ತುದಿಗಾಲಲ್ಲಿ ನಿಂತು, ಬೆರಳಿನಿಂದ ಆ ಕುಚ್ಚನ್ನು ಒರೆಸಿದಳು. ಚೌಡಯ್ಯನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಬಾಲದ ಎರಡು ಬದಿಗೆ ಗಡುಸಾದ ಕೂದಲು ಎಳೆದಳು, ಎರಡು ಸಾಲು, ಬಾಚಣಿಗೆಯ ಹಲ್ಲಿನಂತೆ. ಎಳೆದು ಸೀಮೆಸುಣ್ಣ ಹಿಂದಕ್ಕೆ ಕೊಟ್ಟಳು. ಆದರೆ ತನ್ನ ಜಾಗಕ್ಕೆ ಹೋಗಲಿಲ್ಲ.

ಇಂಚರ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಇವಳೇ ಧನುಶ್ರೀ ಎಂದು ಚೌಡಯ್ಯನಿಗೆ ಯಾರೂ ಹೇಳಬೇಕಾಗಲಿಲ್ಲ.

"ಈಗ ಊಸು," ಎಂದ ಮಾದೇಶ.

ಊಸಿಗೆ ರೂಪವೇನು? ಗಾಳಿಯನ್ನು ಚೌಡಯ್ಯ ಯಾವತ್ತೂ ಬರೆದಿರಲಿಲ್ಲ. ಗೊತ್ತಿದ್ದದ್ದು ಬಳ್ಳಿ. ಅಂಚಿನ ಬಳ್ಳಿಯನ್ನೇ ಆನೆಯ ಬಾಲದ ಕೆಳಗಿನಿಂದ ಎಬ್ಬಿಸಿದ. ಅದು ಸುರುಳಿ ಸುತ್ತಿ, ಕವಲೊಡೆದು, ಮತ್ತೆ ಸುರುಳಿಯಾಗಿ, ನಡುನಡುವೆ ಒಂದೊಂದು ಮಾವಿನಕಾಯಿಯ ಬುಟ್ಟಾ ಬಿಟ್ಟುಕೊಂಡು ಕರಿಹಲಗೆಯ ಆ ತುದಿಯವರೆಗೆ ಹೋಯಿತು. ಇಡೀ ಊರಿನ ಮದುವೆಗೆ ಸಾಕಾಗುವಷ್ಟು ಚೆಂದದ ಹೂಸು.

"ಕುಸು," ಎಂದಳು ಧನುಶ್ರೀ.

ಸಣ್ಣ ದನಿ, ಆದರೆ ಎಲ್ಲರಿಗೂ ಕೇಳಿಸಿತು. ಮಕ್ಕಳೆಲ್ಲ ಅವಳ ಕಡೆ ತಿರುಗಿದವು.

"ಏನಂದೆ ಮಗ?" ಎಂದು ಚೌಡಯ್ಯ ಬಗ್ಗಿದ.

"ಕುಸು," ಎಂದು ಅವಳು ಬಳ್ಳಿಯ ಕಡೆ ಬೆರಳು ಮಾಡಿದಳು. "ಯಾನೈ ಕುಸು."

"ಓ, ನಿಮ್ಮಲ್ಲಿ ಹಂಗಂತೀರಾ? ನಮ್ಮವ್ವ ಮನೇಲಿ ತೆಲುಗಲ್ಲಿ ಪಿತ್ತು ಅಂತಿದ್ಲು."

ಅದನ್ನು ಕೇಳಿದ್ದೇ ತಡ, ಇಪ್ಪತ್ತಮೂರು ಮಕ್ಕಳೂ ಚಾಪೆಯ ಮೇಲೆ ಉರುಳಿದವು. ಊಸು, ಕುಸು, ಪಿತ್ತು ಎಂದು ಮೂರು ಭಾಷೆಯಲ್ಲಿ ಗಲಾಟೆ ಎದ್ದಿತು.

ಬಾಗಿಲಲ್ಲಿ ಹೆಡ್ ಮಾಸ್ಟರು ನಿಂತಿದ್ದರು. ಶಿವಕುಮಾರಸ್ವಾಮಿ ಯಳಂದೂರು ಕಡೆಯ ಹೊನ್ನೂರಿನವರು, ಸೋಮವಾರಗಳಲ್ಲಿ ವಿಭೂತಿ ಧರಿಸಿ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಶಾಲೆಗೆ ಬರುವವರು. ಕರಿಹಲಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದರು.

"ಇದನ್ನು ಬರೆದೋರು ಯಾರು?"

ಚೌಡಯ್ಯ ಒಂದು ಹೆಜ್ಜೆ ಮುಂದೆ ಬಂದ. "ನಾನೇ ಸಾ, ಚೌಡಯ್ಯ. ಇಂಚರನ ಅಪ್ಪ."

"ದೊಡ್ಡೋರು ನೀವು. ಮೇಷ್ಟ್ರೇ ಹಿಂಗೆ ಕಲಿಸಿದ್ರೆ ನಾಳೆ ಊರೋರು ನನ್ನ ಕೇಳ್ತಾರೆ. ನಾನೇನು ಹೇಳ್ಲಿ?"

"ನಂಗೂ ಹಂಗೇ ಅನ್ನುಸ್ತಿತ್ತು ಸಾ. ಬೇಡ ಅಂತ್ಲೇ ಮಗಳಿಗೆ ಬೋದಿದ್ದೆ." ಚೌಡಯ್ಯ ಸೀಮೆಸುಣ್ಣವನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡ. "ಈಗ ಏನ್ ಹೇಳ್ಬೇಕು ಗೊತ್ತಾಯ್ತಿಲ್ಲ. ಈ ಮಗ ಮಾತಾಡುದ್ಲು."

"ಯಾರು?"

"ಧನುಶ್ರೀ ಮಾತಾಡುದ್ಲು ಸಾ," ಎಂದು ಮಕ್ಕಳೆಲ್ಲ ಕೂಗಿದವು.

ಶಿವಕುಮಾರಸ್ವಾಮಿ ನಂಬಲಿಲ್ಲ. ಆ ಹುಡುಗಿಯಿಂದ ಒಂದು ಮಾತು ಹೊರಡಿಸಲು ಐದು ತಿಂಗಳಲ್ಲಿ ಅವರು ಪೆಪ್ಪರಮೆಂಟು ಕೊಟ್ಟಿದ್ದರು, ತಮಿಳು ಬಲ್ಲ ಅಡುಗೆಯವಳನ್ನು ಕರೆಸಿದ್ದರು, ಒಮ್ಮೆ ತಾವೇ ಹಾಡಿದ್ದರು. ಅವರು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಏನು ಹೇಳ್ದೆ ಮರಿ? ನಂಗೂ ಹೇಳು."

"ಕುಸು," ಎಂದಳು ಧನುಶ್ರೀ.

"ಇನ್ನೊಂದು ಸಲ ಹೇಳು. ಜೋರಾಗಿ."

"ಕುಸು."

"ಭೇಷ್. ಇನ್ನೊಂದು ಸಲ."

ಐದಾರು ಸಲ ಹೇಳಿಸಿದ ಮೇಲೆ, ತಾವು ಇಡೀ ತರಗತಿಯ ಮುಂದೆ ಯಾವ ಪಾಠ ಒಪ್ಪಿಸಿಕೊಳ್ಳುತ್ತಿದ್ದೇವೆ ಎಂಬುದು ಅವರಿಗೆ ಹೊಳೆಯಿತು. ಮೆಲ್ಲಗೆ ಎದ್ದು ಪಂಚೆಯ ಧೂಳು ಕೊಡವಿಕೊಂಡರು. ಇಂಚರಳ ಕೈಯಿಂದ ಕಥೆಯ ಹಾಳೆಗಳನ್ನು ಇಸಿದುಕೊಂಡು ನಿಂತಲ್ಲೇ ಓದಿದರು. ಕೊನೆಯ ಹಾಳೆಗೆ ಬಂದಾಗ ಕನ್ನಡಕ ತೆಗೆದರು.

"ಈ ಹೆಡ್ ಮಾಸ್ಟ್ರು ಯಾರು ಮೇಡಂ?"

"ಕಥೆ ಹೆಡ್ ಮಾಸ್ಟ್ರು ಸಾರ್."

"ಪಂಚೆ ಹಾರಲೇಬೇಕಾ? ಟವೆಲ್ ಹಾರಿದ್ರೆ ಸಾಲ್ದಾ?"

"ಸಾಲದಿಲ್ಲ ಸಾ," ಎಂದ ಮಾದೇಶ. ಉಳಿದವರೂ ಸಾಲದು ಎಂದೇ ತಲೆಯಾಡಿಸಿದರು.

ಶಿವಕುಮಾರಸ್ವಾಮಿ ಕನ್ನಡಕ ಮತ್ತೆ ಹಾಕಿಕೊಂಡರು. "ಆಯ್ತು, ಹಾರ್ಲಿ. ಒಳಗೆ ಮೊಣಕಾಲು ಮುಚ್ಚೋ ಹಂಗೆ ಪಟ್ಟಾಪಟ್ಟಿ ಚಡ್ಡಿ ಬರೀರಿ, ಚೌಡಯ್ಯನೋರೆ. ಶಾಲೆ ಮರ್ಯಾದೆ ಉಳೀಬೇಕು."

ಚೌಡಯ್ಯ ಮೂರು ವಾರ ಬೇರೆ ನಕ್ಷೆ ಮುಟ್ಟಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟು, ಆನೆಯ ಹಿಂಬದಿ ಬರೆಯಲು ಕೂರುತ್ತಿದ್ದ. ಹನ್ನೆರಡು ಪುಟ. ಮಜ್ಜಿಗೆ ಕುಡಿಸುವ ಎಮ್ಮೆಯ ಮುಖ ತನ್ನ ಮುಖದಂತಿದೆ ಎಂದು ವಸಂತಮ್ಮ ಎರಡು ದಿನ ಜಗಳವಾಡಿದಳು, ಮೂರನೆಯ ದಿನ ಅದಕ್ಕೆ ಬಣ್ಣ ಹಚ್ಚಿಕೊಟ್ಟಳು. ಕಲರ್ ಜೆರಾಕ್ಸ್ ಅಂಗಡಿಯವನು ಮಕ್ಕಳಿಗೆ ಒಂದೊಂದು ಪ್ರತಿ ಮಾಡಿಕೊಟ್ಟು, ತನಗೂ ಒಂದು ತೆಗೆದುಕೊಂಡ. ಹಾಳೆಗಳನ್ನು ಜೋಡಿಸಿ ಮಗ್ಗದಲ್ಲಿ ಉಳಿದ ರೇಷ್ಮೆ ಎಳೆಯಿಂದ ವಸಂತಮ್ಮನೇ ಹೊಲಿದಳು.

ಪುಸ್ತಕ ಕೊಡಲು ಚೌಡಯ್ಯ ಶನಿವಾರ ತಾನೇ ಹೋದ. ಅರ್ಧ ದಿನದ ಶಾಲೆ. ಮಕ್ಕಳು ಪುಸ್ತಕವನ್ನು ಎದೆಗೊತ್ತಿಕೊಂಡು ಮನೆಗೆ ಓಡಿದವು. ಇಂಚರಳಿಗೆ ಶಾಲೆಯಲ್ಲಿ ಕೆಲಸ ಉಳಿದಿತ್ತು, ಅವನೊಬ್ಬನೇ ಬಸ್ಸಿಗೆ ಬಂದು ನಿಂತ. ನಿಲ್ದಾಣವೆಂದರೆ ಒಂದು ಹೊಂಗೆ ಮರ, ಎರಡು ಕಲ್ಲುಚಪ್ಪಡಿ. ಮರದ ಆ ಬದಿಯ ಚಪ್ಪಡಿಯ ಮೇಲೆ ಧನುಶ್ರೀ ಕೂತಿದ್ದಳು. ಪಕ್ಕದಲ್ಲಿ ಅವಳ ಅಜ್ಜಿ, ಮುಂದೆ ನಾಲ್ಕು ಆಡು ಮೇಯುತ್ತಿದ್ದವು.

ಅಜ್ಜಿ ಬೈದರೆ ಏನು ಮಾಡುವುದು ಎಂದು ಚೌಡಯ್ಯ ಮರದ ಈ ಬದಿಗೆ ಸರಿದು ನಿಂತ.

ಹುಡುಗಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ಓದುತ್ತಿದ್ದಳು. "ಆ-ನೆ ಹ-ಲ-ಸು ತಿಂ-ದಿ-ತು." ಓದಿದ ಮೇಲೆ ಅದನ್ನೇ ತಮಿಳಿನಲ್ಲಿ ಅಜ್ಜಿಗೆ ಹೇಳುತ್ತಿದ್ದಳು, ಸರಸರನೆ, ಪುಸ್ತಕದಲ್ಲಿ ಇಲ್ಲದ್ದನ್ನೂ ಸೇರಿಸಿ. ಅಜ್ಜಿ ಗಲ್ಲಕ್ಕೆ ಕೈ ಕೊಟ್ಟುಕೊಂಡು, ಊರ ನ್ಯಾಯ ಕೇಳುವವಳಂತೆ ಕೇಳುತ್ತಿದ್ದಳು.

ಬಸ್ಸು ಬಂತು. ಕಂಡಕ್ಟರು ತಲೆ ಹೊರಗೆ ಹಾಕಿದ. "ಹನೂರು, ಕೊಳ್ಳೇಗಾಲ. ಬತ್ತಿರಾ ಯಜಮಾನ್ರೆ?"

ಹುಡುಗಿ ಆಗಿನ್ನೂ ಕೋತಿಯ ಓಂಕಾಳಿನ ಪುಟದಲ್ಲಿದ್ದಳು. ಹೂಸು ಬರಲು ಇನ್ನೂ ಐದು ಪುಟವಿತ್ತು.

"ನೀ ಓಗಪ್ಪ," ಎಂದ ಚೌಡಯ್ಯ. "ನಾ ಇನ್ನೊಂದರಲ್ಲಿ ಬತ್ತೀನಿ."

ಬಸ್ಸು ಹೋಯಿತು. ಅವನು ಮರದ ಈ ಬದಿಯ ಚಪ್ಪಡಿಯ ಮೇಲೆ ಸದ್ದಾಗದ ಹಾಗೆ ಕೂತ. ಹುಡುಗಿ ಪುಟ ತಿರುವಿದಳು.